ಗೆಳೆಯನ ಪಾಸ್‌ಬುಕ್ಕಿನ 20 ರೂಪಾಯಿ

ನಮ್ಮ ಗೆಳೆಯ ತೀರಿಕೊಂಡು ಎರಡು ವರ್ಷ ದಾಟಿತು. ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಹಳ್ಳಿಯವನು, ನಮ್ಮ ಹಾಗೇ ಸ್ಟ್ರಿಂಗರ್. ಅವನ ಹೆಸರು ಇಲ್ಲಿ ಹಾಕುತ್ತಿಲ್ಲ. ಬರೆಯಲೇನವ್ವಾ ಅಂತ ಅವನ ಹೆಂಡತಿಯನ್ನು ಕೇಳಿದಾಗ, "ವಿಷಯ ಬರೀರಿ ಅಣ್ಣ, ನಾಕು ಮಂದಿಗೆ ಉಪಯೋಗ ಆಗ್ತೈತಿ. ಹೆಸರು ಬ್ಯಾಡ" ಅಂದಳು. ಕೇಸು ಇನ್ನೂ ಕೋರ್ಟಿನಲ್ಲಿದೆ. ಊರೆಂದ ಮೇಲೆ ಮಾತೂ ಇರುತ್ತವೆ. ಹಾಗಾಗಿ ಗೆಳೆಯ ಅಂತಲೇ ಬರೆಯುತ್ತೇವೆ, ಅವನ ಹೆಂಡತಿಯನ್ನು ತಂಗಿ ಅಂತ. ನಾವು ಕರೆಯುವುದೂ ಹಾಗೆಯೇ.

ನಾವು ಐದು ಜನ ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವರು. ಧಾರವಾಡದಲ್ಲಿ ಹುಡುಗರು ನಾಲ್ವರಿಗೆ ಒಂದು ರೂಮು, ಒಂದು ಸ್ಟೌ. ಊರಿಂದ ಅವನು ತರುತ್ತಿದ್ದ ಶೇಂಗಾ ಚಟ್ನಿ, ಕಟಿ ರೊಟ್ಟಿಯ ಗಂಟು ತಿಂಗಳ ಕೊನೆಯ ವಾರ ನಮ್ಮನ್ನು ಸಾಕುತ್ತಿತ್ತು. ಈಗ ಒಬ್ಬ ಬೆಂಗಳೂರಿನಲ್ಲಿ ಸುದ್ದಿ ವೆಬ್‌ಸೈಟಿನ ಡೆಸ್ಕಿನಲ್ಲಿದ್ದಾನೆ. ಒಬ್ಬ ಶಿರಸಿ ಕಡೆ ತೋಟ ನೋಡಿಕೊಂಡು ವರದಿಗಾರಿಕೆಯನ್ನೂ ಮಾಡುತ್ತಾನೆ. ಗೆಳತಿ ಮದುವೆಯಾಗಿ ಮಸ್ಕತ್‌ನಲ್ಲಿದ್ದಾಳೆ. ಇದನ್ನು ಬರೆಯುತ್ತಿರುವ ನಾವು ಹಾವೇರಿ ಜಿಲ್ಲೆಯಲ್ಲಿ. ಮಾನ್ವಿ ನಮ್ಮಲ್ಲಿ ಯಾರಿಗೂ ಹತ್ತಿರದ ಊರಲ್ಲ.

ಮಾನ್ವಿ, ಸಿರವಾರ ಕಡೆಯವರಿಗೆ ಗೊತ್ತಿರುವುದೇ, ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇವೆ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ ಹೊಸಪೇಟೆ ಹತ್ತಿರದ ಜಲಾಶಯದಿಂದ ಹೊರಟು 227 ಕಿಲೋಮೀಟರ್ ಹರಿದು ರಾಯಚೂರು ತಾಲ್ಲೂಕು ಮುಟ್ಟಬೇಕು. ಎಲ್ಲ ವರ್ಷವೂ ಮುಟ್ಟುವುದಿಲ್ಲ. ಮೇಲ್ಭಾಗದಲ್ಲಿ ಭತ್ತದ ಗದ್ದೆ, ಕಾಲುವೆಗೇ ಇಟ್ಟ ಅಕ್ರಮ ಪಂಪ್‌ಸೆಟ್ಟು. ಕೊನೆಭಾಗಕ್ಕೆ ಬರುವಷ್ಟರಲ್ಲಿ ಕಾಲುವೆಯಲ್ಲಿ ಹೂಳು, ಜಾಲಿ ಮಾತ್ರ. ಗೆಳೆಯನ ಊರು ಈ ಕೊನೆಭಾಗದ್ದು. 69ನೇ ಮೈಲಿನಲ್ಲಿ ಗೇಜ್ ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಅನ್ನುವುದು ಅವನ ಬಾಯಲ್ಲಿ ಕ್ರಿಕೆಟ್ ಸ್ಕೋರಿನ ಹಾಗೆ ಇರುತ್ತಿತ್ತು. ಸುದ್ದಿ ಪೇಪರಿಗೆ ಹೋಗುವ ಮೊದಲೇ ಊರಿನ ಕಟ್ಟೆಗೆ ಹೋಗುತ್ತಿತ್ತು. "ನೀರು ಗುರುವಾರ ಬರ್ತೈತಿ, ಸಸಿ ಮಡಿ ಕೀಳಬ್ಯಾಡ್ರಿ" ಅಂತ ಅವನು ಹೇಳಿದರೆ ಜನ ಕೀಳುತ್ತಿರಲಿಲ್ಲ.

2023 ಬರದ ವರ್ಷ. ಜಲಾಶಯ ತುಂಬಲಿಲ್ಲ. ನವೆಂಬರ್‌ನಲ್ಲಿ ನಿಂತ ಬೆಳೆಗೆ ಕೊನೆಯ ನೀರಿಗಾಗಿ ರೈತರು ಕಾಲುವೆ ಮೇಲೆ ಕುಂತಿದ್ದರು. ಆ ಧರಣಿಯ ಸುದ್ದಿ, ಫೋಟೋ ಕಳಿಸಿ ರಾತ್ರಿ ಬೈಕಿನಲ್ಲಿ ಮನೆಗೆ ಹೊರಟಿದ್ದ. ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಪಂಕ್ಚರ್ ಆಗಿ ರಸ್ತೆ ಮೇಲೆಯೇ ನಿಂತಿತ್ತು. ಟ್ರೇಲರಿನ ಹಿಂದೆ ದೀಪ ಇಲ್ಲ, ಕೆಂಪು ರಿಫ್ಲೆಕ್ಟರ್ ಇಲ್ಲ, ಒಂದು ಜಾಲಿ ಟೊಂಗೆ ಕೂಡ ಇಟ್ಟಿರಲಿಲ್ಲ. ಹೆಲ್ಮೆಟ್ ಹಾಕಿದ್ದ. ಪೆಟ್ಟು ಎದೆಗೆ ಬಿದ್ದಿತ್ತು. ಮರುದಿನ ರಾಯಚೂರಿನ ಆಸ್ಪತ್ರೆಯಲ್ಲಿ ಹೋದ. ವಯಸ್ಸು ಮೂವತ್ನಾಲ್ಕು. ಮನೆಯಲ್ಲಿ ಅವ್ವ, ಹೆಂಡತಿ, ನಾಲ್ಕು ವರ್ಷದ ಮಗಳು, ಎರಡೆಕರೆ ಹೊಲ.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಾವೂ ವಾರಕ್ಕೆ ಒಂದೆರಡು ಅಪಘಾತದ ಸುದ್ದಿ ಬರೆಯುವವರೇ. "ಮೃತರಿಗೆ ಪತ್ನಿ, ಪುತ್ರಿ ಇದ್ದಾರೆ" ಅಂತ ಕೊನೆಯ ಸಾಲು ಹಾಕಿ ಮುಗಿಸುತ್ತೇವೆ. ಆ ಸಾಲಿನ ಆಚೆಗೆ ಏನಾಗುತ್ತದೆ ಅನ್ನುವುದೇ ಈ ಬರಹ.

ಮೊದಲ ಹದಿನೈದು ದಿನ ದುಡ್ಡಿಗೆ ತೊಂದರೆ ಆಗಲಿಲ್ಲ. ಬ್ಯಾಚಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೇ ತಡ, ಐನೂರು, ಸಾವಿರ, ಎರಡು ಸಾವಿರ ಅಂತ 71 ಸಾವಿರ ಬಂತು. ಧರಣಿಗೆ ಕುಂತಿದ್ದ ರೈತರು ಎರಡು ಚೀಲ ಜೋಳ ತಂದು ಮನೆಗೆ ಹಾಕಿ ಹೋದರು. ಆಮೇಲೆ ಗ್ರೂಪಿನಲ್ಲಿ ಎಂದಿನ ಗುಡ್ ಮಾರ್ನಿಂಗ್ ಶುರುವಾಯಿತು. ಇದನ್ನು ತಪ್ಪು ಅನ್ನುವುದಿಲ್ಲ, ಎಲ್ಲರಿಗೂ ಅವರವರ ಮನೆ ಇರುತ್ತದೆ. ಆದರೆ ಸತ್ತ ಮನೆಗೆ ನಿಜವಾದ ಕೆಲಸ ಶುರುವಾಗುವುದೇ ಆಗ, ಬಂಧುಗಳು ಚಾಪೆ ಮಡಚಿ ಊರಿಗೆ ಹೋದ ಮೇಲೆ. ಆ ಕೆಲಸದ ಹೆಸರು ಕಾಗದಪತ್ರ.

ದಿವಸದ ಕಾರ್ಯ ಮುಗಿದ ಮೂರನೇ ದಿನ ಮಸ್ಕತ್‌ನ ಗೆಳತಿ ತಂಗಿಗೆ ಫೋನ್ ಮಾಡಿ, ಅವನ ಪಾಸ್‌ಬುಕ್ಕಿನ ಎಲ್ಲ ಹಾಳೆಯ ಫೋಟೋ ಕಳಿಸು ಅಂದಳು. ಅವಳೇ ಯಾಕೆ ಮಾಡಿದಳು ಅಂತಲೂ ಹೇಳಬೇಕು. ಗಂಡ ಸತ್ತು ತಿಂಗಳಾಗದ ಮನೆಗೆ ನಾವು ಗಂಡಸರು ಮೂವರು ಒಬ್ಬರಾದ ಮೇಲೆ ಒಬ್ಬರು ಫೋನ್ ಮಾಡಿದರೆ ಹಳ್ಳಿ ಏನನ್ನುತ್ತದೆ ಅನ್ನುವುದು ಓದುಗರಿಗೆ ಗೊತ್ತು. ಹಾಗಾಗಿ ತಂಗಿಯ ಜೊತೆ ಗೆಳತಿ ಮಾತಾಡುವುದು, ಅವ್ವನ ಜೊತೆ ನಾವು ಮಾತಾಡುವುದು ಅಂತ ಮೊದಲೇ ಹಂಚಿಕೊಂಡೆವು. ಕೂತು ಮೀಟಿಂಗ್ ಮಾಡಿದ್ದಲ್ಲ, ಹಾಗೇ ಆಯಿತು.

ಪಾಸ್‌ಬುಕ್ಕಿನಲ್ಲಿ 2023ರ ಮೇ ತಿಂಗಳ ಕೊನೆಗೆ ಒಂದು ಸಾಲು: 20 ರೂಪಾಯಿ ಕಡಿತ. ಮನೆಯವರು ಅದನ್ನು ಬ್ಯಾಂಕಿನವರ ಎಸ್‌ಎಂಎಸ್ ಚಾರ್ಜು ಅಂದುಕೊಂಡಿದ್ದರು. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ಅಪಘಾತದಲ್ಲಿ ಸತ್ತರೆ 2 ಲಕ್ಷ. ವರ್ಷಕ್ಕೊಮ್ಮೆ ಕಡಿತ, ಜೂನ್ 1ರಿಂದ ಮುಂದಿನ ಮೇ 31ರವರೆಗೆ ಲೆಕ್ಕ. ಕ್ಲೇಮಿನ ಫಾರ್ಮನ್ನು ಖಾತೆ ಇರುವ ಬ್ಯಾಂಕಿಗೇ ಕೊಡಬೇಕು, ಅಪಘಾತವಾದ 30 ದಿನದೊಳಗೆ ಕೊಡುವುದು ಒಳ್ಳೆಯದು. ನಮಗೆ ಉಳಿದಿದ್ದು ಹನ್ನೆರಡು ದಿನ.

ಇದರ ಜೊತೆಗೆ ಇನ್ನೊಂದು ಇದೆ, ಜೀವನ ಜ್ಯೋತಿ ಬಿಮಾ. ವರ್ಷಕ್ಕೆ 436 ರೂಪಾಯಿ, ಯಾವ ಕಾರಣದಿಂದ ಸತ್ತರೂ 2 ಲಕ್ಷ. ಹಿಂದಿನ ವರ್ಷದ ಸಾಲಿನಲ್ಲಿ ಆ 436 ಇತ್ತು. 2023ರಲ್ಲಿ ಇರಲಿಲ್ಲ. ಆ ದಿನ ಖಾತೆಯಲ್ಲಿ ಇದ್ದದ್ದು ನೂರಾ ಎಂಬತ್ತು ಚಿಲ್ಲರೆ. ಅವನು ಬರೆಯುತ್ತಿದ್ದ ಪತ್ರಿಕೆಯಿಂದ ಮಾರ್ಚ್, ಏಪ್ರಿಲ್ ಎರಡೂ ತಿಂಗಳ ಸುದ್ದಿಯ ದುಡ್ಡು ಜೂನ್ 9ಕ್ಕೆ ಜಮಾ ಆಗಿದೆ. ಪಾಸ್‌ಬುಕ್ಕಿನ ಅದೇ ಹಾಳೆಯಲ್ಲಿ, ನಾಲ್ಕು ಸಾಲು ಕೆಳಗೆ. ಸ್ಟ್ರಿಂಗರ್ ಆದವರಿಗೆ ದುಡ್ಡು ತಡವಾಗಿ ಬರುವುದು ಹೊಸದಲ್ಲ, ನಾವೆಲ್ಲ ಅದನ್ನು ನಗುತ್ತಾ ಹೇಳಿಕೊಳ್ಳುತ್ತೇವೆ. ಆ ಹಾಳೆ ನೋಡಿದ ಮೇಲೆ ಆ ನಗೆ ನಿಂತಿದೆ.

ಬೈಕಿನ ವಿಷಯವೂ ಹೀಗೆಯೇ. 2018ರ ಸೆಪ್ಟೆಂಬರ್‌ನಿಂದ ಗಾಡಿ ಮಾಲೀಕನೇ ಗಾಡಿ ಓಡಿಸುವಾಗ ಸತ್ತರೆ 15 ಲಕ್ಷ ಸಿಗುವ ವೈಯಕ್ತಿಕ ಅಪಘಾತ ವಿಮೆ ಬಂದಿದೆ. ಲೈಸೆನ್ಸ್ ಇರಬೇಕು, ವಿಮೆ ಚಾಲ್ತಿಯಲ್ಲಿರಬೇಕು, ಗಾಡಿ ಸತ್ತವನ ಹೆಸರಿನಲ್ಲೇ ಇರಬೇಕು. ಲೈಸೆನ್ಸ್ ಇತ್ತು. ಗಾಡಿ ಸೆಕೆಂಡ್ ಹ್ಯಾಂಡ್. ಆರ್‌ಸಿ ಇನ್ನೂ ಸಿಂಧನೂರಿನ ಹಳೆಯ ಮಾಲೀಕನ ಹೆಸರಿನಲ್ಲಿತ್ತು. ಅಲ್ಲಿಗೆ ಆ ಬಾಗಿಲು ಮುಚ್ಚಿತು. ಹಳ್ಳಿಯಲ್ಲಿ ಮಾರಿದ ಗಾಡಿ ಮಾರಿದವನ ಹೆಸರಲ್ಲೇ ವರ್ಷಗಟ್ಟಲೆ ಓಡುತ್ತದೆ. ಇದನ್ನು ಓದುವವರ ಮನೆಯ ಅಂಗಳದಲ್ಲೂ ಅಂಥದ್ದೊಂದು ನಿಂತಿರಬಹುದು, ಇವತ್ತೇ ಆರ್‌ಸಿ ತೆಗೆದು ನೋಡಿ.

ಇನ್ನು ಮರಣ ಪ್ರಮಾಣಪತ್ರ. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ ಆಗುತ್ತದೆ, ಊರಲ್ಲಲ್ಲ. ಅವ್ವ ಪಾಪ ಎರಡು ಸಲ ಪಂಚಾಯಿತಿಗೆ ಹೋಗಿ ಬಂದಿದ್ದರು. ರಾಯಚೂರಿನಲ್ಲಿ ಸಿಕ್ಕ ಪ್ರಮಾಣಪತ್ರದಲ್ಲಿ ಹೆಸರೇ ಬೇರೆ. ಜೇಬಿನಲ್ಲಿದ್ದ ಪ್ರೆಸ್ ಕಾರ್ಡು ನೋಡಿ ಆಸ್ಪತ್ರೆಯವರು ಬರೆದುಕೊಂಡಿದ್ದರು. ಅವನು ಪತ್ರಿಕೆಗೆ ಹೆಸರಿನ ಮುಂದೆ ಊರು ಸೇರಿಸಿಕೊಂಡು ಚಿಕ್ಕದು ಮಾಡಿಕೊಂಡ ಹೆಸರು ಅದು. ಆಧಾರಿನಲ್ಲಿ ಅಜ್ಜನ ಹೆಸರು, ತಂದೆಯ ಹೆಸರು ಎಲ್ಲ ಸೇರಿದ ಉದ್ದನೆಯದು. ಅಧಿಕಾರಿಗಳು ಎದ್ದು ಕುರ್ಚಿ ಕೊಡುತ್ತಿದ್ದ ಹೆಸರು ಬ್ಯಾಂಕಿನ ಕೌಂಟರಿನಲ್ಲಿ ನಡೆಯಲಿಲ್ಲ. ಎರಡೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಬೇಕಾಯಿತು. ಅದರ ಮಾತುಗಳನ್ನು ಶಿರಸಿಯ ಗೆಳೆಯ ಬರೆದ, ಬೆಂಗಳೂರಿನವನು ಟೈಪ್ ಮಾಡಿದ, ಮಾನ್ವಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಆಯಿತು. ಅಂಗಡಿಯ ಹುಡುಗ ದುಡ್ಡು ತೆಗೆದುಕೊಳ್ಳಲಿಲ್ಲ. "ಸಾರು ನಮ್ಮ ಓಣ್ಯಾಗ ಬೋರ್ ಕೆಟ್ಟಾಗ ಬರ್ದಿದ್ರು" ಅಂದನಂತೆ.

ಎಫ್‌ಐಆರ್ ಪ್ರತಿ, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲ ಸೇರಿಸಿ ಇಪ್ಪತ್ತೇಳನೇ ದಿನ ಬ್ಯಾಂಕಿಗೆ ಕೊಟ್ಟಾಯಿತು. ಆಗ ತಿಳಿದಿದ್ದು, ನಾಮಿನಿ ಅವ್ವ. ಖಾತೆ ಮದುವೆಗೆ ಮೊದಲು ತೆರೆದದ್ದು, ಹೆಸರು ಬದಲಾಗಿರಲಿಲ್ಲ.

ಇಲ್ಲಿ ಬಹಳ ಮನೆ ಒಡೆಯುತ್ತವೆ. ನಮ್ಮ ಗೆಳೆಯನ ಮನೆಯಲ್ಲೂ ಕಿವಿಯೂದುವವರು ಬಂದರು. "ಸೊಸಿ ಇನ್ನಾ ಸಣ್ಣಾಕಿ, ನಾಳೆ ತವರಿಗೆ ಹೋದ್ರ ನಿನ್ ಗತಿ ಏನು" ಅಂತ ಅವ್ವನಿಗೆ. "ಅತ್ತಿ ಕೈಯಾಗ ರೊಕ್ಕ ಹೋದ್ರ ನಿನ್ ಮಗಳ ಗತಿ ಏನು" ಅಂತ ತಂಗಿಗೆ. ನಾವು ದೂರದಲ್ಲಿದ್ದುಕೊಂಡು ಈ ಮಾತಿನಲ್ಲಿ ಬಾಯಿ ಹಾಕಲಿಲ್ಲ. ದೂರದಲ್ಲಿರುವುದರ ಒಂದು ಲಾಭ ಅದು. ಅವ್ವ ತಾನಾಗೇ ಒಂದು ದಿನ ಕೇಳಿದರು, "ಕೂಸಿನ ಹೆಸರಿಗೆ ಇಡಬೇಕು, ಯಾರೂ ಮುಟ್ಟಬಾರದು, ಅಂಥಾದ್ದು ಏನೈತಿ?" ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಬಗ್ಗೆ ಹೇಳಿದೆವು. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಕಟ್ಟಬಹುದು, ಹೆತ್ತವರು ತೆರೆಯಬೇಕು. ಮೂರನೇ ತಿಂಗಳಲ್ಲಿ 2 ಲಕ್ಷ ಬಂತು. ಅತ್ತೆ ದುಡ್ಡು ಕೊಟ್ಟರು, ಸೊಸೆ ಸಹಿ ಹಾಕಿದಳು, ಒಂದು ಲಕ್ಷ ಮಗುವಿನ ಖಾತೆಗೆ ಹೋಯಿತು. ಉಳಿದದ್ದರಲ್ಲಿ ಬೀಜ ಗೊಬ್ಬರದ ಅಂಗಡಿಯ ಬಾಕಿ ತೀರಿತು, ಎರಡು ಎಮ್ಮೆ ಬಂದವು. ಕಿವಿಯೂದಿದವರು ಈಗ ಅದೇ ಮನೆಗೆ ಮಜ್ಜಿಗೆಗೆ ಬರುತ್ತಾರೆ.

ವಿಧವಾ ವೇತನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿದೆವು, ತಿಂಗಳಿಗೆ 800. ದುಡಿಯುವವರು ಸತ್ತ ಬಡ ಕುಟುಂಬಕ್ಕೆ ಒಮ್ಮೆ ಕೊಡುವ 20 ಸಾವಿರದ ರಾಷ್ಟ್ರೀಯ ಕುಟುಂಬ ನೆರವಿಗೂ ಹಾಕಿಸಿದೆವು. ಅದು ಬಂದ ಕಥೆ ಹೇಳಿದರೆ ಇನ್ನೊಂದು ಲೇಖನ ಆಗುತ್ತದೆ, ಬಿಡಿ.

ದೊಡ್ಡದು ಕೋರ್ಟಿನ ಕೆಲಸ. ದೀಪವಿಲ್ಲದೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ಪೊಲೀಸರು ಟ್ರ್ಯಾಕ್ಟರ್ ಚಾಲಕನ ಮೇಲೆ ಕೇಸು ಹಾಕಿದ್ದರು. ಪರಿಹಾರಕ್ಕಾಗಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದಕ್ಕೆ ಆರು ತಿಂಗಳ ಗಡುವು ಇದೆ. ಆಸ್ಪತ್ರೆಯ ಗೇಟಿನಿಂದಲೇ ಏಜೆಂಟರು ಬೆನ್ನು ಹತ್ತಿದ್ದರು, ಬಂದದ್ದರಲ್ಲಿ ನೂರಕ್ಕೆ ಮೂವತ್ತು ಕೊಡಿ, ನಾವೇ ಎಲ್ಲ ನೋಡಿಕೊಳ್ಳುತ್ತೇವೆ ಅಂತ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಟ್ಟರೆ ಆಯಿತು. ತಂಗಿ ಕೊಟ್ಟಳು. ಸಿಕ್ಕ ವಕೀಲರು ಒಳ್ಳೆಯವರು, ಅವರು ಕೇಳಿದ ಮೊದಲ ಪ್ರಶ್ನೆ, "ಇವರ ಆದಾಯಕ್ಕೆ ದಾಖಲೆ ಏನಿದೆ?"

ಸ್ಟ್ರಿಂಗರಿಗೆ ಸಂಬಳದ ಚೀಟಿ ಇರುವುದಿಲ್ಲ. ನೇಮಕಾತಿ ಪತ್ರ ಇರುವುದಿಲ್ಲ. ಅವನು ಬರೆಯುತ್ತಿದ್ದ ಪತ್ರಿಕೆಯವರಿಗೆ ಫೋನ್ ಮಾಡಿದೆವು, ಮೇಲ್ ಮಾಡಿದೆವು. ಇಂಥವರು ಇಷ್ಟು ವರ್ಷ ನಮಗೆ ಸುದ್ದಿ ಕೊಟ್ಟಿದ್ದಾರೆ ಅಂತ ಒಂದು ಸಾಲು ಸಾಕು ಅಂದೆವು. ಅವರು ನಮ್ಮ ನೌಕರರಲ್ಲ ಅಂತ ಉತ್ತರ ಬಂತು. ಸಂತಾಪ ಸೂಚಿಸಿ ಒಂದು ಫೋಟೋ ಮಾತ್ರ ಒಳಪುಟದಲ್ಲಿ ಹಾಕಿದ್ದರು.

ಆದಾಯದ ದಾಖಲೆ ಇಲ್ಲದಿದ್ದರೆ ನ್ಯಾಯಮಂಡಳಿ ಅಂದಾಜಿನ ಮೇಲೆ ಲೆಕ್ಕ ಹಾಕುತ್ತದೆ. ಅವನನ್ನು ಅಂದಾಜಿಗೆ ಬಿಡಲು ನಮಗೆ ಮನಸ್ಸಾಗಲಿಲ್ಲ. ಅವನು ಬರೆದ ಸುದ್ದಿಗಳನ್ನೇ ಒಟ್ಟು ಮಾಡೋಣ ಅಂತ ತೀರ್ಮಾನವಾಯಿತು. ಪತ್ರಿಕೆಯ ಜಿಲ್ಲಾ ಆವೃತ್ತಿ ಇ-ಪೇಪರಿನಲ್ಲಿ ಸಿಗುತ್ತಿತ್ತು. ನಾಲ್ಕು ವರ್ಷ, ನಾಲ್ಕು ಜನ, ಒಬ್ಬರಿಗೆ ಒಂದು ವರ್ಷ. ನಮ್ಮ ಸುದ್ದಿ ಕಳಿಸಿ ಮುಗಿಸಿ, ಊಟ ಮಾಡಿ, ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಹುಡುಕುವುದು. ನಮಗೆ ಹನ್ನೆರಡಾದಾಗ ಮಸ್ಕತ್‌ನಲ್ಲಿ ಹತ್ತೂವರೆ, ಹಾಗಾಗಿ ಗೆಳತಿ ನಮ್ಮೆಲ್ಲರಿಗಿಂತ ಮುಂದಿದ್ದಳು.

ತೊಡಕು ಏನೆಂದರೆ ಸ್ಟ್ರಿಂಗರ್ ಸುದ್ದಿಗೆ ಹೆಸರು ಬರುವುದಿಲ್ಲ. "ಮಾನ್ವಿ:" ಅಂತ ಊರಷ್ಟೇ. ಮಾನ್ವಿಯಿಂದ ಬರೆಯುವವರು ಇನ್ನೂ ಒಬ್ಬರಿದ್ದರು. ಯಾವುದು ಅವನದು?

ಮೊದಮೊದಲು ಅವನ ಜಿಮೇಲಿನ ಕಳಿಸಿದ ಸುದ್ದಿಗಳ ಜೊತೆ ತಾಳೆ ನೋಡುತ್ತಿದ್ದೆವು. ಫೋನಿನ ಲಾಕ್ ತಂಗಿಗೆ ಗೊತ್ತಿತ್ತು, ಅವಳು ತೆಗೆದು ಕಳಿಸುತ್ತಿದ್ದಳು. ಒಂದು ವಾರದಲ್ಲಿ ತಾಳೆಗೆ ಮೊದಲೇ ಗೊತ್ತಾಗತೊಡಗಿತು. ರೈತರ ಪ್ರತಿಭಟನೆ ಅಂದರೆ ನಾವೆಲ್ಲ ಕಣ್ಣು ಮುಚ್ಚಿ "ಆಕ್ರೋಶ ವ್ಯಕ್ತಪಡಿಸಿದರು" ಅಂತ ಬರೆಯುತ್ತೇವೆ. ಅವನು ಒಮ್ಮೆಯೂ ಬರೆದಿಲ್ಲ. ಎಷ್ಟು ಜನ ಬಂದಿದ್ದರು, ಎಷ್ಟು ಹೊತ್ತು ಕುಂತರು, ಯಾವ ತೂಬಿನ ನೀರು, ಎಂಜಿನಿಯರ್ ಎಷ್ಟು ಗಂಟೆಗೆ ಬಂದು ಏನು ಹೇಳಿ ಹೋದರು. ಅಷ್ಟೇ. ಬಿಸಿಯೂಟದ ಅಡುಗೆಯವರ ಬಾಕಿ ಗೌರವಧನದ ಸುದ್ದಿ ಇದ್ದರೆ ಅದು ಅವನದೇ, ಅವ್ವ ಹಿಂದೆ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದರು. ಫೋಟೋ ಇದ್ದರಂತೂ ಸಂಶಯವೇ ಇಲ್ಲ. ಬಗ್ಗಿ ನಿಂತು ಫೋಟೋ ತೆಗೆಯುವ ಚಟ, ಒಂದು ಮೂಲೆಯಲ್ಲಿ ಅವನದೇ ಚಪ್ಪಲಿಯ ತುದಿ ಬಂದಿರುತ್ತಿತ್ತು. ಡೆಸ್ಕಿನವರು ಕತ್ತರಿಸಲು ಮರೆತ ಕಡೆಯೆಲ್ಲ ಅದಿತ್ತು. ಒಂದು ರಾತ್ರಿ ಬೆಂಗಳೂರಿನ ಗೆಳೆಯ ಒಂದು ಫೋಟೋ ಕಳಿಸಿ "ಚಪ್ಪಲಿ ಬದಲಾಯಿಸಿದ್ದಾನೆ" ಅಂತ ಬರೆದ. ಹೊಸ ಚಪ್ಪಲಿ. 2022ರ ದೀಪಾವಳಿ ಮರುವಾರದ ಪೇಪರು. ಆ ರಾತ್ರಿ ನಾವು ಯಾರೂ ಮುಂದೆ ಹುಡುಕಲಿಲ್ಲ.

ಬದುಕಿದ್ದಾಗ ಅವನ ಸುದ್ದಿಯನ್ನು ನಾವು ಇಷ್ಟು ಕೂತು ಓದಿರಲಿಲ್ಲ. ಬೇರೆ ಜಿಲ್ಲೆಯ ಪುಟ ಯಾರು ಓದುತ್ತಾರೆ? ಓದಿದಾಗ ಕಂಡಿದ್ದು, ಒಂದೇ ಊರಿನ ಒಂದು ಸೇತುವೆ ಬಗ್ಗೆ ಮೂರು ವರ್ಷದಲ್ಲಿ ಒಂಬತ್ತು ಸಲ ಬರೆದಿದ್ದಾನೆ. ಒಂಬತ್ತನೆಯದು ಸೇತುವೆ ಆದ ಸುದ್ದಿ, ನಾಲ್ಕೇ ಸಾಲು.

ಒಟ್ಟು ನಾನೂರಕ್ಕೂ ಹೆಚ್ಚು ಸುದ್ದಿ ಸಿಕ್ಕವು. ಪ್ರತಿ ತಿಂಗಳ ಸುದ್ದಿಗಳ ಪಕ್ಕ ಆ ತಿಂಗಳು ಬ್ಯಾಂಕಿಗೆ ಬಂದ ದುಡ್ಡಿನ ಸಾಲು ಗುರುತು ಹಾಕಿ ಕಡತ ಮಾಡಿದೆವು. ತಿಂಗಳಿಗೆ ನಾಲ್ಕು ಸಾವಿರ, ಐದು ಸಾವಿರ, ಚುನಾವಣೆ ತಿಂಗಳಲ್ಲಿ ಏಳು. ಜೊತೆಗೆ ಹೊಲದ ಪಹಣಿ. ವಕೀಲರು ಕಡತ ತಿರುವಿ ನೋಡಿ, "ಇಷ್ಟು ದುಡ್ಡಿಗೆ ಇಷ್ಟು ಕೆಲಸವೇ?" ಅಂದರಂತೆ. ಆರು ತಿಂಗಳೊಳಗೆ ಅರ್ಜಿ ಬಿತ್ತು. ಟ್ರ್ಯಾಕ್ಟರ್ ಇಂಜಿನ್ನಿಗೆ ವಿಮೆ ಇದೆ, ಟ್ರೇಲರಿಗೆ ಇಲ್ಲ, ನಾವು ಯಾಕೆ ಕೊಡಬೇಕು ಅಂತ ವಿಮಾ ಕಂಪನಿಯವರು ವಾದ ಹೂಡಿದ್ದಾರೆ. ದಿನಾಂಕದ ಮೇಲೆ ದಿನಾಂಕ. ತಂಗಿ ಆಧಾರ್ ಕಾರ್ಡು ತೋರಿಸಿ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಕೋರ್ಟಿಗೆ ಹೋಗಿ ಬರುತ್ತಾಳೆ. ಮೊದಲ ಎರಡು ದಿನಾಂಕಕ್ಕೆ ಹಾವೇರಿಯಿಂದ ರಾತ್ರಿ ಬಸ್ಸು ಹತ್ತಿ ನಾವೂ ಹೋಗಿದ್ದೆವು. ಮೂರನೆಯದಕ್ಕೆ "ಬರಬ್ಯಾಡ್ರಿ ಅಣ್ಣ, ನನಗ ಗೊತ್ತಾತು" ಅಂದಳು. ಪಾಟಿ ಸವಾಲಿನಲ್ಲಿ "ನಿಮ್ಮ ಗಂಡ ಹವ್ಯಾಸಕ್ಕೆ ಬರೆಯುತ್ತಿದ್ದರು ಅಲ್ಲವೇ" ಅಂತ ಎದುರಿನ ವಕೀಲರು ಕೇಳಿದರಂತೆ. "ಹವ್ಯಾಸಕ್ಕ ಯಾರರ ರಾತ್ರಿ ಹನ್ನೊಂದಕ್ಕ ಕಾಲುವಿ ಮ್ಯಾಲ ಇರ್ತಾರೇನ್ರಿ" ಅಂತ ಇವಳು ಹೇಳಿದಳಂತೆ.

ಅವನ ಸಿಮ್ಮನ್ನು ತಂಗಿ ರೀಚಾರ್ಜ್ ಮಾಡಿಸಿ ಇಟ್ಟಿದ್ದಾಳೆ. ಸುದ್ದಿ ಕೊಡುವವರು ಇನ್ನೂ ಫೋನ್ ಮಾಡುತ್ತಾರೆ. ಮೊದಲು ಅಳುತ್ತಿದ್ದಳು. ಈಗ ಯಾವ ಊರು, ಏನು ಸಮಸ್ಯೆ ಅಂತ ಕೇಳಿ, ಮಾನ್ವಿಯ ಇನ್ನೊಬ್ಬ ವರದಿಗಾರರ ನಂಬರ್ ಕೊಡುತ್ತಾಳೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತಲ್ಲ, ಮರುದಿನ ಬೆಳಗ್ಗೆಯಿಂದ ಆ ನಂಬರಿಗೆ ಮೂವತ್ತಕ್ಕೂ ಹೆಚ್ಚು ಕರೆ ಬಂದವಂತೆ. ನೀರೆಲ್ಲ ನದಿಗೆ ಹೋಗುತ್ತಿದೆ, ಕೊನೆಭಾಗಕ್ಕೆ ಈ ವರ್ಷವೂ ಇಲ್ಲವೇ ಅಂತ. ಸತ್ತಿದ್ದಾನೆ ಅಂತ ಗೊತ್ತಿರುವವರೂ ಮಾಡಿದ್ದರು. ಬೇರೆ ಯಾರನ್ನು ಕೇಳಬೇಕೋ ಅವರಿಗೆ ತಿಳಿಯಲಿಲ್ಲ. ತಂಗಿ ಗೆಳತಿಗೆ ಮೆಸೇಜ್ ಹಾಕಿದಳು, ಗೆಳತಿ ಮಸ್ಕತ್‌ನಿಂದ ನಮಗೆ ಹಾಕಿದಳು, ಹೊಸಪೇಟೆಯ ವರದಿಗಾರರನ್ನು ಕೇಳಿ ನಾವು ಉತ್ತರ ಕಳಿಸಿದೆವು. ತಾತ್ಕಾಲಿಕ ಗೇಟು ಇಳಿಸುವವರೆಗೆ ಒಂದು ವಾರ ಹೀಗೇ ನಡೆಯಿತು.

ತಿಂಗಳಿಗೆ ತಲಾ ಐನೂರರಂತೆ ಎರಡು ಸಾವಿರ ಕಳಿಸುತ್ತಿದ್ದೆವು. ಕಳೆದ ವರ್ಷ ಯುಗಾದಿ ಆದ ಮೇಲೆ ತಂಗಿ ಅದನ್ನು ನಿಲ್ಲಿಸಿ ಅಂದಳು. ಎಮ್ಮೆ ಹಾಲು ಡೈರಿಗೆ ಹೋಗುತ್ತಿದೆ, ಗೃಹಲಕ್ಷ್ಮಿಯ ಎರಡು ಸಾವಿರ ಅವ್ವನ ಖಾತೆಗೆ ಬರುತ್ತದೆ, ಟೇಲರಿಂಗ್ ಕಲಿತಿದ್ದಾಳೆ. ನಾವು ಬಿಡದೆ ಕೇಳಿದಾಗ, "ಏನರ ಮಾಡಬೇಕಂದ್ರ ಐತವಾರ ಅವ್ವಗ ಫೋನ್ ಮಾಡ್ರಿ. ಮಗನ ದೋಸ್ತರು ಮಾತಾಡಿದ್ರ ಅವತ್ತು ಎರಡು ರೊಟ್ಟಿ ಹೆಚ್ಚು ತಿಂತಾಳ" ಅಂದಳು.

ಈಗ ಭಾನುವಾರ ಸಂಜೆ ಪಾಳಿಯ ಮೇಲೆ ಮಾಡುತ್ತೇವೆ. ಅವ್ವ ಮೊದಲು ಊಟ ಆಯ್ತೇನು ಕೇಳುತ್ತಾರೆ, ಆಮೇಲೆ ಎಮ್ಮೆಯ ಸುದ್ದಿ, ಮೊಮ್ಮಗಳು ಶಾಲೆಯಲ್ಲಿ ಯಾರಿಗೆ ಹೊಡೆದಳು ಅನ್ನುವ ಸುದ್ದಿ. ಹೋದ ವಾರ ನಮ್ಮ ಪಾಳಿ. ಮಾತೆಲ್ಲ ಮುಗಿದು ಇಡಬೇಕು ಅನ್ನುವಾಗ, "ತಡಿಯಪ್ಪ" ಅಂದರು. "ಮುಂದಿನ ಬೆಳಿಗೆ ನೀರು ಯಾವಾಗ ಬಿಡ್ತಾರಂತ? ಕಟ್ಟಿ ಮ್ಯಾಲ ಮಂದಿ ಕೇಳಾಕತ್ಯಾರ."

ನೋಡಿ ಹೇಳುತ್ತೇವೆ ಅಂದಿದ್ದೇವೆ.